ಇಳಿಯುವ ವಿಮಾನಕ್ಕೆ ದಾರಿ ತೋರುವ ದೀಪಗಳು

ಬೆಂಗಳೂರಿನ ಪೂರ್ವಕ್ಕೆ ಮಾರತ್ತಹಳ್ಳಿಯ ಬಳಿ ಸಂಜೆಯ ಹೊತ್ತು ನಿಂತವರಿಗೆ ಹಿಂದೆ ಒಂದು ನೋಟವು ದಿನವೂ ದೊರೆಯುತ್ತಿದ್ದಿತು. ವೈಟ್‌ಫೀಲ್ಡಿನ ದಿಕ್ಕಿನಲ್ಲಿ ಮೊದಲು ನಕ್ಷತ್ರದಂತೆ ಒಂದು ಬೆಳಕು ಕಾಣಿಸಿಕೊಳ್ಳುವುದು. ನೋಡುತ್ತಿರುವಂತೆಯೇ ಆ ಬೆಳಕು ಎರಡಾಗಿ, ಮೂರಾಗಿ, ಅದಕ್ಕೆ ರೆಕ್ಕೆಗಳು ಮೂಡಿ, ಭೋರೆಂದು ತಲೆಯ ಮೇಲೆ ಹಾದು, ಬೇಲಿಯನ್ನು ದಾಟಿ ನೆಲವನ್ನು ಮುಟ್ಟುವುದು. ಹಿಂದೂಸ್ತಾನ್ ವಿಮಾನ ಕಾರ್ಖಾನೆಗೆ ಸೇರಿದ ಆ ನಿಲ್ದಾಣದಿಂದ ಪ್ರಯಾಣಿಕರ ನಿತ್ಯದ ವಿಮಾನಗಳು ೨೦೦೮ನೆಯ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋದುವು. ಕಾರ್ಖಾನೆಯ ವಿಮಾನಗಳೂ ಸೇನೆಯ ವಿಮಾನಗಳೂ ಅಲ್ಲಿ ಇಂದಿಗೂ ಏರಿ ಇಳಿಯುತ್ತಿರುವುವು. ಆ ನೋಟವನ್ನು ಕಂಡವರಲ್ಲಿ ಹಲವರ ಮನಸ್ಸಿಗೆ ಒಂದು ಪ್ರಶ್ನೆಯು ಬಂದಿರಬೇಕು. ಇಷ್ಟು ವೇಗದಿಂದ ಬರುವ ಇಷ್ಟು ಭಾರದ ಯಂತ್ರವು, ದಾರಿಯ ಕಟ್ಟಡಗಳಿಗೆ ತಾಗದೆ, ಗುರಿಯನ್ನು ಮೀರಿ ಮುಂದಕ್ಕೂ ಹೋಗದೆ, ಸರಿಯಾದ ಸ್ಥಳದಲ್ಲಿಯೇ ನೆಲವನ್ನು ಮುಟ್ಟುವುದಾದರೂ ಹೇಗೆ? ತಾನು ಎತ್ತರವಾಗಿರುವೆನೋ ತಗ್ಗಾಗಿರುವೆನೋ ಎಂಬುದನ್ನು ವೈಮಾನಿಕನು ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಹೇಳುವುದೇ ನಮ್ಮ ಇಂದಿನ ಭಾಷಣದ ಉದ್ದೇಶ.

ವಿಮಾನವು ಕಲ್ಲಿನಂತೆ ಬೀಳುವುದೂ ಇಲ್ಲ, ಹದ್ದಿನಂತೆ ಎರಗುವುದೂ ಇಲ್ಲ. ಅದು ಒಂದು ಇಳಿಜಾರಿನ ಮೇಲೆ ಜಾರುವಂತೆ ಇಳಿಯುವುದು. ಕಣ್ಣಿಗೆ ಕಾಣದ ಈ ಇಳಿಜಾರು, ರನ್‌ವೇ ಎಂದು ಹೆಸರುಳ್ಳ ಓಟದ ಹಾದಿಯ ಆರಂಭದ ಭಾಗದಿಂದ ಹೊರಟು ಆಕಾಶಕ್ಕೆ ಏರಿರುವುದೆಂದು ಭಾವಿಸಬೇಕು. ಸಾಮಾನ್ಯವಾಗಿ ಇದರ ಕೋನವು ಮೂರು ಡಿಗ್ರಿ. ಮೂರು ಡಿಗ್ರಿಯೆಂದರೆ ಎಷ್ಟು? ಹತ್ತು ಮೀಟರ್ ಉದ್ದದ ಹಲಗೆಯೊಂದನ್ನು ನೆಲದ ಮೇಲೆ ಮಲಗಿಸಿ, ಅದರ ಒಂದು ತುದಿಯನ್ನು ಅರ್ಧ ಮೀಟರಿಗಿಂತ ತುಸು ಹೆಚ್ಚಾಗಿ ಎತ್ತಿದರೆ ಆಗುವ ಓರೆಯೇ ಅದು. ಈ ಲೆಕ್ಕದಂತೆ, ಗುರಿಯಿಂದ ಒಂದು ಕಿಲೋಮೀಟರ್ ದೂರದಲ್ಲಿ ವಿಮಾನವು ಸುಮಾರು ೫೨ ಮೀಟರ್ ಎತ್ತರದಲ್ಲಿರಬೇಕು. ಐದು ಕಿಲೋಮೀಟರ್ ದೂರದಲ್ಲಿ ಸುಮಾರು ೨೬೦ ಮೀಟರ್. ವೈಟ್‌ಫೀಲ್ಡಿನಷ್ಟು ದೂರದಲ್ಲಿ, ಎಂದರೆ ಏಳೆಂಟು ಕಿಲೋಮೀಟರ್ ಆಚೆ, ಸುಮಾರು ೪೦೦ ಮೀಟರ್.

ಇಳಿಯುವ ದೊಡ್ಡ ವಿಮಾನವು ಗಂಟೆಗೆ ಸುಮಾರು ೨೬೦ ಕಿಲೋಮೀಟರ್ ವೇಗದಲ್ಲಿರುವುದು. ಮೂರು ಡಿಗ್ರಿಯ ದಾರಿಯಲ್ಲಿ ಅದು ನಿಮಿಷಕ್ಕೆ ಸುಮಾರು ೨೨೫ ಮೀಟರ್ ಕೆಳಕ್ಕೆ ಬರುವುದು. ದಾರಿಯು ಇದಕ್ಕೆ ಇಮ್ಮಡಿ ಕಡಿದಾದರೆ ಕೆಳಗಿಳಿಯುವ ವೇಗವೂ ಇಮ್ಮಡಿಯಾಗಿ, ವಿಮಾನವನ್ನು ತಡೆದು ನೆಲಕ್ಕೆ ಮೆಲ್ಲನೆ ಮುಟ್ಟಿಸುವುದು ಕಷ್ಟವಾಗುವುದು. ದಾರಿಯು ತೀರ ಮಟ್ಟಸವಾದರೆ ಮರ, ಕಂಬ, ಮಹಡಿಗಳು ಅಡ್ಡ ಬರುವುವು. ವಿಮಾನ ಕಾರ್ಖಾನೆಯ ಸುತ್ತ ಎತ್ತರದ ಕಟ್ಟಡವನ್ನು ಕಟ್ಟಬೇಕೆನ್ನುವವರು ಅದರ ಎತ್ತರಕ್ಕೆ ಮುಂಚಿತವಾಗಿ ಒಪ್ಪಿಗೆಯನ್ನು ಪಡೆಯಬೇಕಾಗಿರುವುದೂ, ಹೊರವಲಯದ ಗೋಪುರದಂಥ ಕಚೇರಿಗಳ ನೆತ್ತಿಯ ಮೇಲೆ ರಾತ್ರಿಯೆಲ್ಲಾ ಕೆಂಪು ದೀಪಗಳು ಉರಿಯುತ್ತಿರುವುದೂ ಈ ಕಾರಣದಿಂದಲೇ. ಆ ಕೆಂಪು ದೀಪಗಳು 'ಇಲ್ಲಿ ಅಡ್ಡಿಯುಂಟು' ಎಂದಷ್ಟೇ ಹೇಳುವುವು. 'ನಿನ್ನ ದಾರಿ ಇದು' ಎಂದು ಹೇಳುವುದಕ್ಕೆ ಬೇರೆಯ ದೀಪಗಳು ಬೇಕು.

ವೈಮಾನಿಕನಿಗೆ ಕಣ್ಣಿಲ್ಲವೆ, ಅದನ್ನು ನಂಬಿ ಇಳಿಯಬಾರದೆ ಎಂದು ಕೇಳಬಹುದು. ಕಣ್ಣು ಈ ಕೋನವನ್ನು ಅಳೆಯುವ ರೀತಿಯನ್ನು ಸ್ವಲ್ಪ ನೋಡೋಣ. ಹಜಾರದ ಆಚೆಯ ತುದಿಯಲ್ಲಿ ಒಂದು ಚಾಪೆಯನ್ನು ಹಾಸಿದೆಯೆಂದು ಇಟ್ಟುಕೊಳ್ಳಿ. ಈಚೆಯ ತುದಿಯಲ್ಲಿ ನೆಲದ ಮೇಲೆ ಕುಳಿತು ನೋಡಿದರೆ ಆ ಚಾಪೆಯು ಒಂದು ತೆಳುವಾದ ಪಟ್ಟಿಯಂತೆ ಕಾಣುವುದು. ಎದ್ದು ನಿಂತರೆ ಅದು ಕೊಂಚ ಉದ್ದವಾಗುವುದು. ಅಟ್ಟದ ಮೇಲಿನಿಂದ ಬಗ್ಗಿ ನೋಡಿದರೆ ಅದರ ಪೂರ್ಣವಾದ ಉದ್ದವೇ ಕಣ್ಣಿಗೆ ಬೀಳುವುದು. ವಸ್ತುವು ಒಂದೇ, ನೋಡುವ ಕೋನವು ಹೆಚ್ಚಿದಂತೆ ಅದರ ಆಕಾರವು ಬೇರೆಯಾಗುವುದು. ವೈಮಾನಿಕನೂ ರನ್‌ವೇಯನ್ನು ಈ ಚಾಪೆಯಂತೆಯೇ ನೋಡಿ, 'ಉದ್ದವಾಗಿ ಕಾಣುತ್ತಿದೆ, ಆದುದರಿಂದ ನಾನು ಎತ್ತರದಲ್ಲಿರುವೆನು. ಮೊಟಕಾಗಿ ಕಾಣುತ್ತಿದೆ, ಆದುದರಿಂದ ತಗ್ಗಿನಲ್ಲಿರುವೆನು' ಎಂದು ಊಹಿಸುವನು. ಬಹುಕಾಲದ ಅಭ್ಯಾಸದಿಂದ ಈ ಊಹೆಯು ಸಾಮಾನ್ಯವಾಗಿ ಸರಿಯಾಗಿಯೇ ಇರುವುದು.

ಆದರೆ ಚಾಪೆಯೇ ಓರೆಯಾಗಿದ್ದರೆ? ರನ್‌ವೇಯ ಆಚೆಯ ತುದಿಯು ಎತ್ತರವಾಗಿದ್ದರೆ ಅದು ಇರುವುದಕ್ಕಿಂತಲೂ ಉದ್ದವಾಗಿ ಕಾಣುವುದು. ತಾನು ಬಹಳ ಎತ್ತರದಲ್ಲಿರುವೆನೆಂದು ಭ್ರಮಿಸಿ ವೈಮಾನಿಕನು ವಿಮಾನವನ್ನು ಬೇಕಾದುದಕ್ಕಿಂತ ತಗ್ಗಿಸುವನು. ಆಚೆಯ ತುದಿಯು ಇಳಿಜಾರಾಗಿದ್ದರೆ ಇದಕ್ಕೆ ವಿರುದ್ಧವಾದ ತಪ್ಪು ಸಂಭವಿಸುವುದು. ತಾನು ದಿನವೂ ಇಳಿಯುವ ಹಾದಿಗಿಂತ ಕಿರಿದಾದ ಹಾದಿಯು ಎದುರಾದರೆ, ಅದು ದೂರದಲ್ಲಿ, ಬಹಳ ಕೆಳಗೆ ಇರುವಂತೆ ತೋರಿ ಪುನಃ ಅದೇ ಮೋಸವಾಗುವುದು. ಮುಂಗಾಜಿನ ಮೇಲೆ ಮಳೆಯ ನೀರು ಹರಿಯುತ್ತಿದ್ದರೆ ಬೆಳಕು ಬಾಗಿ ಎಲ್ಲವೂ ಸ್ಥಾನ ಪಲ್ಲಟವಾದಂತೆ ಕಾಣುವುದು.

ಇವೆಲ್ಲಕ್ಕಿಂತಲೂ ಅಪಾಯಕರವಾದುದು ಕತ್ತಲೆ. ನಿಲ್ದಾಣಕ್ಕೂ ವಿಮಾನಕ್ಕೂ ನಡುವೆ ಒಂದು ದೀಪವೂ ಇಲ್ಲದ ಕೆರೆಯಂಗಳವೋ ಹೊಲವೋ ಹರಡಿ, ದೂರದಲ್ಲಿ ರನ್‌ವೇಯ ದೀಪಗಳು ಮಾತ್ರ ಹೊಳೆಯುತ್ತಿದ್ದರೆ, ಕಣ್ಣಿಗೆ ಅಳತೆ ಹಿಡಿಯಲು ನೆಲವೇ ಇಲ್ಲದಂತಾಗುವುದು. ಅಮೆರಿಕದ ಬೋಯಿಂಗ್ ಕಾರ್ಖಾನೆಯವರು ೧೯೬೦ರ ದಶಕದ ಕೊನೆಯಲ್ಲಿ ನುರಿತ ವೈಮಾನಿಕರನ್ನು ಕೃತಕವಾದ ವಿಮಾನಕೋಣೆಯಲ್ಲಿ ಕೂರಿಸಿ, ಇಂಥ ಕತ್ತಲೆಯ ಮೇಲೆ ಇಳಿಯುವಂತೆ ಮಾಡಿ ಪರೀಕ್ಷಿಸಿದರು. ಅನುಭವಿಗಳೇ ತಮಗೆ ಅರಿವಿಲ್ಲದಂತೆ ದಾರಿಗಿಂತ ಕೆಳಕ್ಕೆ ಇಳಿದುಬಿಟ್ಟರು. ಕಣ್ಣು ಸುಳ್ಳು ಹೇಳುವುದು ತಪ್ಪಲ್ಲ, ಅದರ ಸ್ವಭಾವ. ಸುಳ್ಳು ಹೇಳುವಾಗಲೂ ಅದು ಪೂರ್ಣವಾದ ಧೈರ್ಯದಿಂದಲೇ ಹೇಳುವುದು, ಭಯವಿರುವುದು ಇಲ್ಲಿಯೇ.

ವಿಮಾನಯಾನದ ಆರಂಭದಲ್ಲಿ ಈ ತೊಡಕು ಅಷ್ಟಾಗಿ ಇರಲಿಲ್ಲ. ೧೯೩೨ನೆಯ ಅಕ್ಟೋಬರಿನಲ್ಲಿ ಟಾಟಾ ಸಂಸ್ಥೆಯವರ ಅಂಚೆಯ ವಿಮಾನವು ಕರಾಚಿಯಿಂದ ಹೊರಟು, ಮುಂಬಯಿಯನ್ನು ಮುಟ್ಟಿ, ನಮ್ಮ ಬಳ್ಳಾರಿಯಲ್ಲಿ ಇಳಿದು ಮದರಾಸಿಗೆ ಹೋದ ಕಾಲದಲ್ಲಿ ಹಗಲಿನ ಬೆಳಕೇ ವೈಮಾನಿಕನಿಗೆ ದೀಪವಾಗಿದ್ದಿತು. ವಿಮಾನಗಳು ಸಣ್ಣವು, ವೇಗವೂ ಕಡಿಮೆ. ೧೯೪೦ನೆಯ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದಾಗಲೂ ಲೋಕದ ಎಷ್ಟೋ ಬಯಲುಗಳಲ್ಲಿ ರಾತ್ರಿ ವಿಮಾನವನ್ನು ಇಳಿಸಬೇಕಾದರೆ ಎಣ್ಣೆಯ ದೀವಿಗೆಗಳನ್ನು ಸಾಲಾಗಿ ಹಚ್ಚಿಡುತ್ತಿದ್ದರು. ಅಂಚಿನ ದೀಪಗಳ ಸಾಲು, ಹಾದಿಯು ಎಲ್ಲಿದೆ, ಯಾವ ದಿಕ್ಕಿಗಿದೆ, ಎಷ್ಟು ಅಗಲವಿದೆ ಎಂಬುದನ್ನು ಚೆನ್ನಾಗಿ ತಿಳಿಸುವುದು. ಎಡಬಲಗಳ ತಪ್ಪನ್ನು ಅದು ತೋರಿಸುವುದು. ಮೇಲುಕೆಳಗುಗಳ ತಪ್ಪನ್ನು ತೋರಿಸಲಾರದು.

ಈ ಕೊರತೆಯನ್ನು ನೀಗುವ ಉಪಾಯವು ಹಡಗಿನವರಿಗೆ ಮೊದಲೇ ತಿಳಿದಿದ್ದಿತು. ಕೆಲವು ಬಂದರುಗಳಲ್ಲಿ ಒಂದೇ ದೀಪವು ಸುರಕ್ಷಿತವಾದ ದಾರಿಯ ಕಡೆಗೆ ಬಿಳಿಯ ಬೆಳಕನ್ನೂ, ಬಂಡೆಗಳಿರುವ ಕಡೆಗೆ ಕೆಂಪು ಬೆಳಕನ್ನೂ ಚೆಲ್ಲುವುದು. ಕೆಂಪು ಕಂಡ ನಾವಿಕನು ಹಡಗನ್ನು ತಿರುಗಿಸಿ, ಬಿಳುಪು ಕಂಡಾಗ ನೇರವಾಗಿ ಸಾಗುವನು. ಎಡಬಲಗಳನ್ನು ಹೀಗೆ ಹಂಚುವ ದೀಪವನ್ನು ಪಕ್ಕಕ್ಕೆ ಮಲಗಿಸಿದರೆ ಅದು ಮೇಲುಕೆಳಗುಗಳನ್ನು ಹಂಚುವ ದೀಪವಾಗುವುದಷ್ಟೆ. ಮೊದಲು ರನ್‌ವೇಯ ಪಕ್ಕದಲ್ಲಿ ಇಂಥ ದೀಪಗಳ ಎರಡು ಸಾಲುಗಳನ್ನು, ಒಂದನ್ನು ಮುಂದೆ, ಮತ್ತೊಂದನ್ನು ಅದರ ಹಿಂದೆ ದೂರದಲ್ಲಿ, ಇರಿಸುತ್ತಿದ್ದರು. ಎರಡೂ ಬಿಳುಪಾದರೆ ಎತ್ತರ. ಎರಡೂ ಕೆಂಪಾದರೆ ತಗ್ಗು. ಮುಂದಿನದು ಬಿಳುಪು, ಹಿಂದಿನದು ಕೆಂಪಾದರೆ ಸರಿಯಾದ ದಾರಿ. ಇದು ಒಳ್ಳೆಯದಾಗಿದ್ದರೂ ಮೂರೇ ಮಾತುಗಳನ್ನು ಬಲ್ಲ ಸಾಧನ. ತಪ್ಪು ಸ್ವಲ್ಪವೋ ಬಹಳವೋ ಎಂಬುದನ್ನು ಅದು ಹೇಳುತ್ತಿರಲಿಲ್ಲ.

ಇಂಗ್ಲೆಂಡಿನ ಬೆಡ್‌ಫರ್ಡಿನಲ್ಲಿದ್ದ ರಾಜಕೀಯ ವಿಮಾನ ಸಂಶೋಧನಾ ಸಂಸ್ಥೆಯಲ್ಲಿ ೧೯೭೦ರ ದಶಕದಲ್ಲಿ ಇದನ್ನು ತಿದ್ದಿ ಹೊಸದೊಂದು ಏರ್ಪಾಡನ್ನು ಮಾಡಿದರು. ಇಂದು ಲೋಕದ ದೊಡ್ಡ ನಿಲ್ದಾಣಗಳಲ್ಲೆಲ್ಲ ಸಾಮಾನ್ಯವಾಗಿ ಕಾಣುವುದು ಇದೇ. ಇದರ ಹೆಸರು 'ಪ್ರಿಸಿಷನ್ ಅಪ್ರೋಚ್ ಪಾತ್ ಇಂಡಿಕೇಟರ್'. ನಿಖರವಾದ ಇಳಿದಾರಿಯ ಸೂಚಕವೆಂದು ಅರ್ಥ. ಮೊದಲಕ್ಷರಗಳನ್ನು ಕೂಡಿಸಿ ವೈಮಾನಿಕರು ಇದನ್ನು 'ಪ್ಯಾಪಿ' ಎಂದು ಕರೆಯುವರು. ನಮ್ಮ ಕಿವಿಗೆ ಆ ಹೆಸರು 'ಪಾಪಿ' ಎಂದೇ ಕೇಳಿಸುವುದಾದರೂ ಅದು ಮಾಡುವ ಕೆಲಸವು ಪುಣ್ಯದ್ದೇ ಸರಿ.

ರನ್‌ವೇಯ ಆರಂಭದಿಂದ ಸುಮಾರು ೩೦೦ ಮೀಟರ್ ಒಳಕ್ಕೆ, ಸಾಮಾನ್ಯವಾಗಿ ಎಡಗಡೆಯ ನೆಲದ ಮೇಲೆ, ನಾಲ್ಕು ಪೆಟ್ಟಿಗೆಗಳನ್ನು ಒಂದೇ ಅಡ್ಡಸಾಲಿನಲ್ಲಿ ನಿಲ್ಲಿಸಿರುವರು. ಪ್ರತಿಯೊಂದು ಪೆಟ್ಟಿಗೆಯೂ ಒಂದು ಮಾಯಾದೀಪ. ಮಾಯಾದೀಪದಲ್ಲಿ ಚಿತ್ರದ ಗಾಜನ್ನು ತಲೆಕೆಳಗಾಗಿ ಇಟ್ಟರೆ ಪರದೆಯ ಮೇಲೆ ಚಿತ್ರವು ನೆಟ್ಟಗೆ ಬೀಳುವುದನ್ನು ಬಲ್ಲವರು ಬಲ್ಲರು. ಇಲ್ಲಿಯೂ ಹಾಗೆಯೇ. ಪೆಟ್ಟಿಗೆಯೊಳಗೆ ಪ್ರಬಲವಾದ ಬಿಳಿಯ ದೀಪವಿರುವುದು. ಅದರ ಮುಂದೆ ಮೇಲಿನ ಅರ್ಧವನ್ನು ಮಾತ್ರ ಕೆಂಪು ಗಾಜಿನಿಂದ ಮುಚ್ಚಿರುವರು. ಅದರ ಮುಂದಿನ ಮಸೂರವು ಬೆಳಕನ್ನು ತಿರುಗಿಸುವುದರಿಂದ ಕೆಂಪು ಬೆಳಕು ಕೆಳಗಡೆಗೂ ಬಿಳಿಯ ಬೆಳಕು ಮೇಲ್ಗಡೆಗೂ ಹೊರಡುವುದು. ಎರಡಕ್ಕೂ ನಡುವಣ ಗಡಿಯು ಚಾಕುವಿನಿಂದ ಕತ್ತರಿಸಿದಂತೆ ಇರುವುದು. ಆ ಗಡಿಗಿಂತ ಮೇಲಿರುವ ಕಣ್ಣಿಗೆ ಪೆಟ್ಟಿಗೆಯು ಬಿಳುಪಾಗಿ ಕಾಣುವುದು. ಕೆಳಗಿರುವ ಕಣ್ಣಿಗೆ ಕೆಂಪಾಗಿ ಕಾಣುವುದು.

ನಾಲ್ಕು ಪೆಟ್ಟಿಗೆಗಳನ್ನೂ ಒಂದೇ ಕೋನಕ್ಕೆ ಇಡದಿರುವುದರಲ್ಲಿಯೇ ಈ ಏರ್ಪಾಡಿನ ಜಾಣ್ಮೆಯಿರುವುದು. ಡಿಗ್ರಿಯನ್ನು ಅರುವತ್ತು ಭಾಗ ಮಾಡಿ ಒಂದೊಂದನ್ನು ಕಲೆಯೆನ್ನುವುದು ನಮ್ಮ ಪಂಚಾಂಗದ ವಾಡಿಕೆ. ರನ್‌ವೇಗೆ ದೂರವಾದ ಮೊದಲನೆಯ ಪೆಟ್ಟಿಗೆಯ ಗಡಿಯನ್ನು ೨ ಡಿಗ್ರಿ ೩೦ ಕಲೆಗೆ ಇಡುವರು. ಎರಡನೆಯದರದು ೨ ಡಿಗ್ರಿ ೫೦ ಕಲೆ. ಮೂರನೆಯದರದು ೩ ಡಿಗ್ರಿ ೧೦ ಕಲೆ. ರನ್‌ವೇಗೆ ಹತ್ತಿರವಾದ ನಾಲ್ಕನೆಯದರದು ೩ ಡಿಗ್ರಿ ೩೦ ಕಲೆ. ಈಗ ಮೂರು ಡಿಗ್ರಿಯ ದಾರಿಯಲ್ಲಿ ಬರುವ ವೈಮಾನಿಕನಿಗೆ ಏನು ಕಾಣುವುದೆಂದು ಕೇಳುವವರೇ ಲೆಕ್ಕ ಹಾಕಬಹುದು. ಮೊದಲೆರಡು ಗಡಿಗಳಿಗೆ ಅವನು ಮೇಲಿರುವನು; ಆದುದರಿಂದ ಎರಡು ಬಿಳುಪು. ಉಳಿದೆರಡಕ್ಕೆ ಕೆಳಗಿರುವನು, ಆದುದರಿಂದ ಎರಡು ಕೆಂಪು. ಎರಡು ಬಿಳುಪು, ಎರಡು ಕೆಂಪು: ದಾರಿಯು ಸರಿ. ಸ್ವಲ್ಪ ಮೇಲಾದರೆ ಮೂರು ಬಿಳುಪು, ಒಂದು ಕೆಂಪು. ಬಹಳ ಮೇಲಾದರೆ ನಾಲ್ಕೂ ಬಿಳುಪು. ಸ್ವಲ್ಪ ಕೆಳಗಾದರೆ ಮೂರು ಕೆಂಪು, ಒಂದು ಬಿಳುಪು. ಬಹಳ ಕೆಳಗಾದರೆ ನಾಲ್ಕೂ ಕೆಂಪು. ಮೂರು ಮಾತುಗಳ ಬದಲು ಐದು ಮಾತುಗಳು ದೊರೆತುವು. ಅದರ ಮೇಲೆ, ದೀಪಗಳು ಒಂದೊಂದಾಗಿ ಬಣ್ಣವನ್ನು ಬದಲಾಯಿಸುವುದನ್ನು ಕಂಡು, ತಪ್ಪು ಬೆಳೆಯುತ್ತಿರುವುದೋ ತಗ್ಗುತ್ತಿರುವುದೋ ಎಂಬುದನ್ನೂ ಅರಿಯಬಹುದು.

ಈ ಅಳತೆಯು ಎಷ್ಟು ಸೂಕ್ಷ್ಮವೆಂಬುದನ್ನು ಗಮನಿಸಬೇಕು. ಎರಡು ಬಿಳುಪು ಎರಡು ಕೆಂಪು ಕಾಣುವ ಪಟ್ಟಿಯ ದಪ್ಪವು ೨೦ ಕಲೆಗಳಷ್ಟು ಮಾತ್ರ. ಐದು ಕಿಲೋಮೀಟರ್ ದೂರದಲ್ಲಿ ಅದು ಸುಮಾರು ೨೯ ಮೀಟರ್. ಒಂದು ಕಿಲೋಮೀಟರ್ ದೂರದಲ್ಲಿ ಸುಮಾರು ೬ ಮೀಟರ್, ಎಂದರೆ ನಮ್ಮ ಒಂದು ಮಹಡಿಯ ಮನೆಯ ಎತ್ತರ. ನೂರಾರು ಜನರನ್ನು ಹೊತ್ತ ವಿಮಾನವನ್ನು ಈ ದೀಪಗಳ ನೆರವಿನಿಂದ ವೈಮಾನಿಕನು ಇಷ್ಟು ಸಣ್ಣ ಕಿಂಡಿಯೊಳಗೆ ನಡೆಸುವನು. ಹಗಲಿನಲ್ಲಿ ಏಳೆಂಟು ಕಿಲೋಮೀಟರುಗಳಿಂದಲೂ, ನಿರ್ಮಲವಾದ ರಾತ್ರಿಯಲ್ಲಿ ಮೂವತ್ತು ಕಿಲೋಮೀಟರುಗಳಷ್ಟು ದೂರದಿಂದಲೂ ಇವು ಕಾಣುವುವು.

ಇಷ್ಟಾದರೂ ಈ ದೀಪಗಳು ಸರ್ವಶಕ್ತವಲ್ಲ. ಮಸೂರದ ಮೇಲೆ ಇಬ್ಬನಿ ಕುಳಿತರೆ ಕೆಂಪು ಬಿಳುಪುಗಳು ಬೆರೆತು ಗಡಿಯು ಕಲಸಿಹೋಗುವುದು. ಪೆಟ್ಟಿಗೆಯು ನೆಲದೊಡನೆ ಕೊಂಚ ಜಗ್ಗಿದರೂ ಕೋನವು ಕೆಡುವುದು. ಆದುದರಿಂದ ಆಗಾಗ್ಗೆ ನೆಲದ ಮೇಲೆ ಅಳೆದು, ತಪಾಸಣೆಯ ವಿಮಾನವನ್ನು ಹಾರಿಸಿ ಪರೀಕ್ಷಿಸಬೇಕು. ವಿಮಾನವು ಬಹಳ ದೊಡ್ಡದಾದರೆ ವೈಮಾನಿಕನ ಕಣ್ಣಿಗಿಂತ ಚಕ್ರಗಳು ಹತ್ತು ಮೀಟರಿಗಿಂತಲೂ ಕೆಳಗಿರುವುದುಂಟು. ದೀಪಗಳ ಸ್ಥಳವನ್ನು ಗೊತ್ತುಮಾಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ದಟ್ಟವಾದ ಮಂಜು ಕವಿದರಂತೂ ದೀಪವೇ ಕಾಣದು. ಆಗ ರೇಡಿಯೋ ಅಲೆಗಳಿಂದಲೇ ಆಕಾಶದಲ್ಲಿ ಅದೇ ಮೂರು ಡಿಗ್ರಿಯ ದಾರಿಯನ್ನು ಎಳೆಯುವರು. ಚಳಿಗಾಲದ ಮುಂಜಾನೆ ದೇವನಹಳ್ಳಿಯ ಬಯಲಿನ ಮೇಲೆ ಮಂಜು ಬೀಳುವುದು ವಾಡಿಕೆ. ೨೦೧೯ರಲ್ಲಿ ತೆರೆದ ಅಲ್ಲಿಯ ಎರಡನೆಯ ರನ್‌ವೇಗೆ ಮಂಜಿನಲ್ಲಿಯೂ ಇಳಿಯಲು ಬೇಕಾದ ಸಾಧನಗಳನ್ನು ಅಳವಡಿಸಿರುವರು. ರನ್‌ವೇಯ ಮೇಲೆ ಕಣ್ಣು ಎಷ್ಟು ದೂರ ಹರಿಯಬಲ್ಲುದೆಂಬುದನ್ನು ಅಳೆಯುವ 'ದೃಷ್ಟಿ' ಎಂಬ ಉಪಕರಣವನ್ನು ನಿರ್ಮಿಸಿದವರು ಬೆಂಗಳೂರಿನ ರಾಷ್ಟ್ರೀಯ ವಾಯ್ವಾಂತರಿಕ್ಷ ಪ್ರಯೋಗಾಲಯದವರೇ ಎಂಬುದು ನಮಗೆ ಸಂತೋಷದ ಸಂಗತಿ.

ದೀಪಗಳ ಮಿತಿಯೊಂದಾದರೆ, ಮನುಷ್ಯರ ಮಿತಿಯು ಮತ್ತೊಂದು. ನಮ್ಮ ನಾಡಿನಲ್ಲಿಯೇ ನಡೆದ ಎರಡು ದುರಂತಗಳನ್ನು ಇಲ್ಲಿ ನೆನೆಯಬೇಕಾಗಿದೆ. ಒಂದು ತಗ್ಗಿನ ತಪ್ಪು, ಇನ್ನೊಂದು ಎತ್ತರದ ತಪ್ಪು.

೧೯೯೦ನೆಯ ಫೆಬ್ರವರಿ ೧೪ರ ಮಧ್ಯಾಹ್ನ ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಎ-೩೨೦ ವಿಮಾನವು ಪಶ್ಚಿಮದ ಕಡೆಯಿಂದ ಕಾರ್ಖಾನೆಯ ನಿಲ್ದಾಣಕ್ಕೆ ಇಳಿಯುತ್ತಿದ್ದಿತು. ವಿಮಾನವು ಹೊಚ್ಚ ಹೊಸದು, ಹಗಲಿನ ಬೆಳಕು, ಆಕಾಶವು ನಿರ್ಮಲ. ಇಂಜಿನುಗಳು ಬಹುಮಟ್ಟಿಗೆ ಶಕ್ತಿಯಿಲ್ಲದೆ ಸುಮ್ಮನೆ ತಿರುಗುತ್ತಿದ್ದು, ವೇಗವು ಇರಬೇಕಾದುದಕ್ಕಿಂತ ಕುಗ್ಗಿ, ವಿಮಾನವು ದಾರಿಗಿಂತ ಕೆಳಕ್ಕೆ ಇಳಿಯುತ್ತಿದ್ದುದು ಸಕಾಲದಲ್ಲಿ ವೈಮಾನಿಕರ ಅರಿವಿಗೆ ಬರಲಿಲ್ಲ. ಅರಿವಾಗಿ ಇಂಜಿನುಗಳಿಗೆ ಶಕ್ತಿಯನ್ನು ಕೊಡುವ ವೇಳೆಗೆ ಕಾಲವು ಮಿಂಚಿದ್ದಿತು. ರನ್‌ವೇಗೆ ಸುಮಾರು ೭೦೦ ಮೀಟರ್ ಮೊದಲೇ ಗಾಲ್ಫ್ ಮೈದಾನವನ್ನು ಮುಟ್ಟಿ, ಏರಿಯೊಂದಕ್ಕೆ ಬಡಿದು, ವಿಮಾನವು ಉರಿದುಹೋಯಿತು. ಒಳಗಿದ್ದ ೧೪೬ ಜನರಲ್ಲಿ ೯೨ ಜನರು ಮಡಿದರು. ಕರ್ನಾಟಕದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು ಇದರ ವಿಚಾರಣೆಯನ್ನು ನಡೆಸಿದರು. ಇದಕ್ಕೆ ಯಂತ್ರದ ವ್ಯವಹಾರ, ಗಮನದ ಹಂಚಿಕೆ ಮುಂತಾದ ಕಾರಣಗಳು ಹಲವು. ದೀಪಗಳ ಮಾತನ್ನೊಂದನ್ನೇ ಕಾರಣವೆಂದು ನಾವು ಹೇಳುವುದಿಲ್ಲ. ನೆಲವು ಸಮೀಪಿಸಿದಾಗ ಕೆಲವು ಕ್ಷಣಗಳ ಅಜಾಗರೂಕತೆಯೂ ಎಷ್ಟು ದುಬಾರಿಯೆಂಬುದನ್ನು ಮಾತ್ರ ಇದು ತೋರಿಸುವುದು.

ಇನ್ನೊಂದು ನಡೆದುದು ಮಂಗಳೂರಿನ ಬಜಪೆಯಲ್ಲಿ, ೨೦೧೦ನೆಯ ಮೇ ೨೨ರ ಮುಂಜಾನೆ. ಅಲ್ಲಿಯ ನಿಲ್ದಾಣವು ಗುಡ್ಡದ ನೆತ್ತಿಯನ್ನು ಮಟ್ಟಮಾಡಿ ನಿರ್ಮಿಸಿದುದು. ರನ್‌ವೇಯ ಉದ್ದವು ೨,೪೫೦ ಮೀಟರ್. ಅದರ ಆಚೆಗೆ ಕಮರಿ. ದುಬಾಯಿಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಇಳಿಯುವಾಗ ಒಂದು ಹಂತದಲ್ಲಿ ಇರಬೇಕಾದ ಎತ್ತರಕ್ಕೆ ಸುಮಾರು ಇಮ್ಮಡಿ ಎತ್ತರದಲ್ಲಿದ್ದಿತು. ಇಷ್ಟು ಎತ್ತರದಿಂದ ನೋಡುವ ಕಣ್ಣಿಗೆ ನಾಲ್ಕು ಪೆಟ್ಟಿಗೆಗಳೂ ಬಿಳುಪಾಗಿಯೇ ಕಾಣತಕ್ಕವು. ಎಚ್ಚರಿಕೆಯ ಯಂತ್ರವು ಕೂಗಿತು. ಇಳಿಯುವುದನ್ನು ಬಿಟ್ಟು ಮೇಲೇರಬೇಕೆಂದು ಸಹವೈಮಾನಿಕರು ಮೂರು ಬಾರಿ ಹೇಳಿದರು. ಆದರೂ ವಿಮಾನವನ್ನು ಕಡಿದಾಗಿ ಇಳಿಸಲಾಯಿತು. ಅದು ನೆಲವನ್ನು ಮುಟ್ಟುವ ವೇಳೆಗೆ ರನ್‌ವೇಯಲ್ಲಿ ಸುಮಾರು ೧,೬೦೦ ಮೀಟರ್ ಕಳೆದುಹೋಗಿದ್ದಿತು. ಉಳಿದ ಹಾದಿಯು ಸಾಲದೆ ವಿಮಾನವು ಕಮರಿಗೆ ಬಿದ್ದಿತು. ೧೬೬ ಜನರಲ್ಲಿ ಬದುಕಿದವರು ಎಂಟೇ ಮಂದಿ. ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದ ವಿಚಾರಣೆಯು, ಸರಿಯಿಲ್ಲದ ಇಳಿತವನ್ನು ಕೈಬಿಡದೆ ಮುಂದುವರಿಸಿದುದೇ ಮುಖ್ಯ ಕಾರಣವೆಂದು ತೀರ್ಮಾನಿಸಿತು.

ತಗ್ಗಾಗಿದ್ದರೂ ಎತ್ತರವಾಗಿದ್ದರೂ ದಾರಿ ತಪ್ಪಿದವನು ಮಾಡಬೇಕಾದುದು ಒಂದೇ. ಸಕಾಲದಲ್ಲಿ ತಿದ್ದಿಕೊಳ್ಳಬೇಕು, ತಿದ್ದಲಾಗದಿದ್ದರೆ ಇಳಿಯುವುದನ್ನು ಬಿಟ್ಟು ಮೇಲೇರಿ, ಸುತ್ತಿ ಬಂದು, ಪುನಃ ಮೊದಲಿನಿಂದ ಇಳಿಯಬೇಕು. ಇದರಲ್ಲಿ ಹತ್ತು ಹದಿನೈದು ನಿಮಿಷಗಳೂ ಸ್ವಲ್ಪ ಎಣ್ಣೆಯೂ ನಷ್ಟವಾಗುವುವು, ಇಷ್ಟೇ ನಷ್ಟ. ದೀಪಗಳು ನಿಜವನ್ನು ಹೇಳಬಲ್ಲುವೇ ಹೊರತು ಕೈಹಿಡಿದು ನಡೆಸಲಾರವು. ಕಣ್ಣಿಗಿಂತ ದೀಪವನ್ನು ಹೆಚ್ಚಾಗಿ ನಂಬುವ ವಿನಯವೂ, ಹಿಡಿದ ಕೆಲಸವನ್ನು ಅರ್ಧದಲ್ಲಿ ಬಿಡುವ ಧೈರ್ಯವೂ ಮನುಷ್ಯನಿಂದಲೇ ಬರಬೇಕು.

ನಮ್ಮ ಶ್ರೋತೃಗಳಲ್ಲಿ ಹಲವರು ವಿಮಾನದಲ್ಲಿ ಪ್ರಯಾಣ ಮಾಡುವವರು. ನೆಲವು ಕೈಗೆಟುಕುವಂತೆ ಕಾಣುತ್ತಿರುವಾಗ ವಿಮಾನವು ತಟಕ್ಕನೆ ಗರ್ಜಿಸಿ ಮತ್ತೆ ಮೇಲಕ್ಕೆ ಏರುವುದನ್ನು ಅವರಲ್ಲಿ ಕೆಲವರು ಅನುಭವಿಸಿರಬಹುದು. ಆಗ ಗಾಬರಿಯಾಗುವುದೂ, ಹೊತ್ತಾಯಿತೆಂದು ಗೊಣಗುವುದೂ ಸಹಜ. ಇನ್ನು ಮುಂದೆ ಅಂಥ ಸಂದರ್ಭವು ಒದಗಿದರೆ, ಮುಂದಿನ ಕೋಣೆಯಲ್ಲಿ ಕುಳಿತ ಒಬ್ಬರು ದಾರಿಯು ಸರಿಯಿಲ್ಲವೆಂಬುದನ್ನು ಕಂಡು, ಕಂಡುದನ್ನು ಒಪ್ಪಿಕೊಂಡರೆಂದು ತಿಳಿದು ಸಮಾಧಾನದಿಂದಿರಬಹುದು. ಎರಡನೆಯ ಬಾರಿ ಬರುವಾಗ ಅವರ ಎದುರಿಗೆ ಎರಡು ಬಿಳಿಯ ದೀಪಗಳೂ ಎರಡು ಕೆಂಪು ದೀಪಗಳೂ ಸಾಲಾಗಿ ಉರಿಯುತ್ತಿರುವುವು.